ಕಾವಲು ಕೂತರೆ ಪಾಠ ಆಗುತ್ತದೆಯೇ?

ಬೆಳಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿಗೆ ಒಂದು ಪುಸ್ತಕ ಬರುತ್ತದೆ. ಸಬ್‌ಸ್ಟಿಟ್ಯೂಶನ್ ಪುಸ್ತಕ. ಇವತ್ತು ಯಾರು ರಜೆ, ಅವರ ಪಿರಿಯಡಿಗೆ ಯಾರು ಹೋಗಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನಾವು ಗೊಣಗುತ್ತಾ ಸಹಿ ಹಾಕಿ ಹೊರಡುತ್ತೇವೆ. ಸಮಾಜ ಮಾಷ್ಟ್ರು ಗಣಿತದ ಕ್ಲಾಸಿಗೆ, ಹಿಂದಿ ಟೀಚರ್ ವಿಜ್ಞಾನದ ಕ್ಲಾಸಿಗೆ. ಬಾಗಿಲಲ್ಲಿ ಕಾಲಿಡುವ ಮೊದಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: "ಸರ್, ಆಟಕ್ಕೆ ಬಿಡ್ತೀರಾ?"

ಒಂದು ದಿನದ ರಜೆಗೆ ಇದು ಸರಿ. ಜ್ವರ ಎಲ್ಲರಿಗೂ ಬರುತ್ತದೆ, ಮದುವೆ ಮುಂಜಿ ಎಲ್ಲರ ಮನೆಯಲ್ಲೂ ಇರುತ್ತದೆ. ನಮ್ಮ ಜಗಳ ಅದರ ಮೇಲಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಒಂದು ದಿನದ ಏರ್ಪಾಡು ತಿಂಗಳುಗಟ್ಟಲೆ ನಡೆಯುತ್ತದಲ್ಲ, ಅದರ ಮೇಲೆ. ಜೂನ್‌ನಲ್ಲಿ ಶಾಲೆ ಶುರು, ಗಣಿತದ ಹುದ್ದೆ ಖಾಲಿ. "ಬರ್ತಾರೆ, ಬರ್ತಾರೆ" ಅನ್ನುತ್ತಾ ಮಳೆಗಾಲ ಕಳೆಯುತ್ತದೆ. ಓಣಂ ಪರೀಕ್ಷೆ ಬಂದು ನಿಂತಿರುತ್ತದೆ. ಅಷ್ಟರವರೆಗೆ ಆ ಮಕ್ಕಳಿಗೆ ಸಿಕ್ಕಿದ್ದು ಪಾಠ ಅಲ್ಲ, ಕಾವಲು.

ಇಂಗ್ಲೆಂಡಿನ ಹೈಸ್ಕೂಲುಗಳಲ್ಲಿ 'ಕವರ್ ಸೂಪರ್‌ವೈಸರ್' ಅಂತ ಒಂದು ಕೆಲಸವೇ ಇದೆ. 2003ರಲ್ಲಿ ಅಲ್ಲಿನ ಸರಕಾರಕ್ಕೂ ಹೆಚ್ಚಿನ ಶಿಕ್ಷಕ ಸಂಘಟನೆಗಳಿಗೂ ಒಪ್ಪಂದವಾದ ಮೇಲೆ ಬೆಳೆದು ಬಂದದ್ದು. ಶಿಕ್ಷಕರು ರಜೆಯಲ್ಲಿದ್ದಾಗ ಅವರು ಕೊಟ್ಟು ಹೋದ ಕೆಲಸವನ್ನು ಮಕ್ಕಳು ಮಾಡುವಂತೆ ನೋಡಿಕೊಳ್ಳುವುದು, ಗಲಾಟೆ ಆಗದಂತೆ ಕಾಯುವುದು, ಇಷ್ಟೇ. ಶಿಕ್ಷಕ ತರಬೇತಿ ಆಗಿರಲೇಬೇಕು ಅಂತಿಲ್ಲ. ಹೊಸ ಪಾಠ ಮಾಡುವ ಜವಾಬ್ದಾರಿಯೂ ಅವರದ್ದಲ್ಲ. ಇದು ಸಣ್ಣ ಅವಧಿಗೆ ಅಂತ ಮಾಡಿದ ವ್ಯವಸ್ಥೆ. ಅದನ್ನು ಎಳೆದು ಉದ್ದ ಮಾಡುತ್ತಾರೆ ಅಂತ ಅಲ್ಲಿನ ಶಿಕ್ಷಕರೂ ದೂರುತ್ತಾರೆ. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಕಾಯುವವರನ್ನು ಕಾಯುವವರು ಅಂತಲೇ ಕರೆಯುತ್ತಾರೆ.

ನಮ್ಮಲ್ಲಿ ಆ ಪ್ರಾಮಾಣಿಕತೆಯೂ ಇಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಕ್ಲಾಸಿಗೆ ಕಳಿಸಿ, ಕಾಗದದ ಮೇಲೆ 'ಹುದ್ದೆ ಭರ್ತಿ' ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಇದನ್ನು ವಿರೋಧಿಸಿ ಹೆತ್ತವರು ಮಕ್ಕಳನ್ನು ಕರೆದುಕೊಂಡು ಶಾಲೆಯ ಎದುರು ಧರಣಿ ಕೂತದ್ದು ಈ ಜಿಲ್ಲೆಯಲ್ಲಿ ಒಂದೆರಡು ಸಲ ಅಲ್ಲ. ಖಾಲಿ ಹುದ್ದೆಯಾದರೆ ಕೇಳಲಿಕ್ಕಾದರೂ ಬಾಯಿ ಇದೆ. ಭರ್ತಿಯಾದ ಹುದ್ದೆಯ ಬಗ್ಗೆ ಏನು ಕೇಳುತ್ತೀರಿ?

ಇದಕ್ಕೆ ಬರುವ ಉತ್ತರ ನಮಗೆ ಬಾಯಿಪಾಠವಾಗಿದೆ. "ಗಣಿತ ವಿಜ್ಞಾನಕ್ಕೆಲ್ಲಿ ಭಾಷೆ? ನಿಮ್ಮ ಮಕ್ಕಳಿಗೆ ಹೇಗೂ ಮಲಯಾಳ ಬರುತ್ತದಲ್ಲ?"

ಬರುತ್ತದೆ ಸ್ವಾಮಿ. ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು, ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತದೆ. ನಮ್ಮ ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ತುಳು ಆಡುವವರು, ಬ್ಯಾರಿ ಆಡುವವರು, ಕೊಂಕಣಿ, ಮರಾಠಿ, ಹವ್ಯಕ ಆಡುವವರು ಇದ್ದಾರೆ. ಮನೆಯಲ್ಲಿ ಮಲಯಾಳ ಆಡಿ ಕನ್ನಡದಲ್ಲಿ ಓದುವವರೂ ಇದ್ದಾರೆ. ಇವರೆಲ್ಲರನ್ನು ಒಂದು ಬೆಂಚಿನಲ್ಲಿ ಕೂರಿಸಿದ್ದೇ ಕನ್ನಡ. ಪುಸ್ತಕ ಕನ್ನಡದಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ಉತ್ತರ ಬರೆಯುವುದೂ ಕನ್ನಡದಲ್ಲಿ. ಹೇಳಿಕೊಡುವುದು ಮಾತ್ರ ಬೇರೆ ಭಾಷೆಯಲ್ಲಿ ಅಂದರೆ ಹೇಗೆ?

ಒಂದೇ ಒಂದು ಉದಾಹರಣೆ ಕೊಡುತ್ತೇವೆ. ಕನ್ನಡದ ವಿಜ್ಞಾನ ಪಾಠದಲ್ಲಿ 'ಜವ' ಬೇರೆ, 'ವೇಗ' ಬೇರೆ. ದಿಕ್ಕಿನ ಲೆಕ್ಕ ಇಲ್ಲದ್ದು ಜವ, ದಿಕ್ಕೂ ಸೇರಿದ್ದು ವೇಗ. ಮಲಯಾಳದಲ್ಲಿ ದಿಕ್ಕು ಸೇರಿದ್ದಕ್ಕೆ 'ಪ್ರವೇಗ' ಅನ್ನುತ್ತಾರೆ. ಅವರು 'ವೇಗ' ಅಂದರೆ ಅದು ನಮ್ಮ ಜವ! ಅಂದರೆ ಎರಡು ಭಾಷೆಗಳಲ್ಲಿ ಒಂದೇ ಶಬ್ದ, ಅರ್ಥ ಅದಲು ಬದಲು. ಬೋರ್ಡಿನ ಎದುರು ನಿಂತವರು ಒಂದನ್ನು ಹೇಳುತ್ತಾರೆ, ಕೈಯಲ್ಲಿರುವ ಪುಸ್ತಕ ಇನ್ನೊಂದನ್ನು ಹೇಳುತ್ತದೆ. ಮಗು ತಪ್ಪು ಬರೆದು ಬಂದರೆ 'ದಡ್ಡ' ಅನ್ನುತ್ತೇವೆ. ದಡ್ಡರು ಯಾರು?

ಈಗಂತೂ ಸುಮ್ಮನೆ ಪಾಸಾಗುವ ಕಾಲವೂ ಮುಗಿಯುತ್ತಾ ಬಂತು. ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇ. 30 ಅಂಕ ಬೇಕು ಅನ್ನುವ ನಿಯಮ 2024-25ರಲ್ಲಿ ಎಂಟನೇ ತರಗತಿಯಿಂದ ಶುರುವಾಯಿತು. ಬಾರದವರಿಗೆ ವಿಶೇಷ ತರಗತಿ ಕೊಡಬೇಕಂತೆ. ಒಳ್ಳೆಯದೇ. ಆದರೆ ಪಾಠ ಮಾಡಲಿಕ್ಕೇ ಜನ ಇಲ್ಲದ ಕಡೆ ವಿಶೇಷ ತರಗತಿ ಮಾಡುವವರು ಯಾರು? ಮತ್ತೆ ಸಬ್‌ಸ್ಟಿಟ್ಯೂಶನ್ ಪುಸ್ತಕವೇ?

ಒಂದು ಮಾತು ಸ್ಪಷ್ಟ ಮಾಡಬೇಕು. ಕನ್ನಡ ಗೊತ್ತಿಲ್ಲದೆ ಇಲ್ಲಿಗೆ ಬಂದ ಶಿಕ್ಷಕರು ನಮ್ಮ ಶತ್ರುಗಳಲ್ಲ. ದೂರದ ಊರಿಂದ ಬಂದು, ತನ್ನ ಮಾತು ತಿಳಿಯದ ನಲವತ್ತು ಮಕ್ಕಳ ಎದುರು ನಿಲ್ಲುವುದು ಅವರಿಗೂ ಶಿಕ್ಷೆಯೇ. ರಾತ್ರಿ ಕೂತು ಕನ್ನಡ ಅಕ್ಷರ ಕಲಿತವರನ್ನೂ ನಾವು ಕಂಡಿದ್ದೇವೆ, ಅವರಿಗೆ ನಮಸ್ಕಾರ. ಅವರು ಕಲಿಯುವವರೆಗೆ ಒಂದು ಬ್ಯಾಚಿನ ಮಕ್ಕಳು ಕಾಯಬೇಕು ಅನ್ನುವವರ ಮೇಲೆ ನಮ್ಮ ಸಿಟ್ಟು.

ಇನ್ನು ದಿನಗೂಲಿ ಶಿಕ್ಷಕರ ಪಾಡು. ಕನ್ನಡದಲ್ಲೇ ಓದಿ, ಬಿಎಡ್ ಮುಗಿಸಿದ ನಮ್ಮದೇ ಊರಿನ ಹುಡುಗ ಹುಡುಗಿಯರು. ಖಾಲಿ ಹುದ್ದೆಯಲ್ಲಿ ನಿಜವಾಗಿ ಪಾಠ ನಡೆಸುವವರು ಇವರೇ. ಕೆಲಸ ಮಾಡಿದ ದಿನಕ್ಕೆ ಮಾತ್ರ ಕೂಲಿ, ಅದೂ ಕೈಗೆ ಬರುವಾಗ ತಿಂಗಳುಗಳು ದಾಟಿರುತ್ತವೆ. ಮಾರ್ಚ್ ಬಂದರೆ "ಹೋಗಿ ಬನ್ನಿ". ಬರುವ ವರ್ಷ ಇದೇ ಶಾಲೆಯೋ, ಬೇರೆ ಶಾಲೆಯೋ, ಮನೆಯೋ ಗೊತ್ತಿಲ್ಲ. ಇವರಲ್ಲಿ ಒಬ್ಬೊಬ್ಬರೇ ಮಂಗಳೂರಿನ ಬಸ್ಸು ಹತ್ತಿದರೆ ತಪ್ಪು ಯಾರದ್ದು?

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಸಬ್‌ಸ್ಟಿಟ್ಯೂಶನ್ ಪಿರಿಯಡಿನಲ್ಲಿ "ಸುಮ್ಮನೆ ಕೂತು ಏನಾದರೂ ಓದಿ" ಅಂತ ಹೇಳಿ ಉತ್ತರ ಪತ್ರಿಕೆ ತಿದ್ದಿದವರು ನಾವೇ. ಎಷ್ಟು ಪಿರಿಯಡ್ ಹಾಗೆ ಹೋಯಿತು ಅಂತ ಲೆಕ್ಕ ಇಡದವರೂ ನಾವೇ. ನವೆಂಬರ್ ಬಂದರೆ ಸಾಕು, ಮೈಕಿನ ಎದುರು 1956ರ ನವೆಂಬರ್ 1ರ ಕತೆ ಹೇಳುತ್ತೇವೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿದ್ದನ್ನು ನೆನಪಿಸಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅದು ಹೇಳಬೇಕಾದ ಮಾತೇ. ಆದರೆ ಮಂಗಳವಾರದ ಮೂರನೇ ಪಿರಿಯಡಿನಲ್ಲಿ ಒಂಬತ್ತನೇ ಬಿ ಕ್ಲಾಸಿನಲ್ಲಿ ಯಾರಿದ್ದರು ಅಂತ ಯಾವ ಭಾಷಣದಲ್ಲೂ ಬರುವುದಿಲ್ಲ. ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಹೋರಾಟವನ್ನೂ ಮಾಡಿದರು, ಪಾಠವನ್ನೂ ಮಾಡಿದರು. ನಾವು ಎರಡನೆಯದನ್ನು ಮರೆತಿದ್ದೇವೆ.

ಹಾಗಾದರೆ ಏನು ಮಾಡಬೇಕು? ನಾವು ಕೇಳುವುದು ನಾಲ್ಕೇ ವಿಷಯ. ಮಾರ್ಚ್‌ನಲ್ಲಿ ಯಾರು ನಿವೃತ್ತಿ ಅಂತ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಜೂನ್‌ಗೆ ಮೊದಲು ಆ ಹುದ್ದೆ ತುಂಬಲಿ. ಕನ್ನಡ ಮಾಧ್ಯಮದ ಹುದ್ದೆಗೆ ಬರುವವರು ಸಂದರ್ಶನದಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ಪಾಠ ಮಾಡಿ ತೋರಿಸಲಿ. ದಿನಗೂಲಿಯವರ ಹಣ ಆಯಾ ತಿಂಗಳೇ ಬರಲಿ. ನಾಲ್ಕನೆಯದು ನಮಗೇ. ಪಾಠ ಆಗದ ಪಿರಿಯಡುಗಳನ್ನು ವಿಷಯವಾರು ಬರೆದಿಟ್ಟು ಪ್ರತಿ ಪಿಟಿಎ ಸಭೆಯಲ್ಲಿ ಓದಿ ಹೇಳೋಣ. ಅಂಕಿ ಎದುರಿಟ್ಟರೆ 'ನೋಡುವಾ' ಅನ್ನುವ ಉತ್ತರ ಕೊಡಲಿಕ್ಕೆ ಯಾರಿಗಾದರೂ ಕಷ್ಟವಾಗುತ್ತದೆ.

ಹೆತ್ತವರಲ್ಲಿ ಒಂದು ವಿನಂತಿ. ಇವತ್ತು ಸಂಜೆ ಮಗುವಿನ ಚೀಲದಿಂದ ಗಣಿತದ ನೋಟ್ಸ್ ತೆಗೆದು ನೋಡಿ. ಕೊನೆಯ ತಾರೀಕು ಯಾವುದು ಅಂತ ಓದಿ. ಎರಡು ವಾರ ಹಿಂದಿನದ್ದಾದರೆ ನಾಳೆ ಶಾಲೆಗೆ ಬನ್ನಿ. ನಮ್ಮನ್ನೇ ಕೇಳಿ. ನಮಗೆ ಮುಜುಗರ ಆಗುತ್ತದೆ, ಆಗಲಿ.