ಕೀಳುವ ಮೊದಲು ಕೇಳಿ: ಇದು ಯಾರ ಮನೆಯ ಬೋರ್ಡು?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನ ಕನ್ನಡದ ಗೆಳೆಯರೇ,

ಈ ಮಾತು ಲಿನಕ್ಸ್ ಹಾಕಿಕೊಂಡು ಹೆಮ್ಮೆಪಡುವ ನಿಮಗೆ. ಅಪ್‌ಗ್ರೇಡ್ ಅರ್ಧಕ್ಕೆ ನಿಂತ ಕೂಡಲೇ "ಫಾರ್ಮ್ಯಾಟ್ ಹೊಡಿ ಗುರು" ಎಂದು ಕೈಚೆಲ್ಲುವವರೂ ನೀವೇ. ಅದಕ್ಕೇ ನಿಮಗೆ!

ಬಿ.ಟಿ.ಎಂ. ಲೇಔಟಿನ ಪಿ.ಜಿ. ಕೋಣೆಯೊಂದರಲ್ಲಿ ನಡೆದದ್ದನ್ನು ಕೇಳಿ. ಕೊನೆಯ ವರ್ಷದ ಇಂಜಿನಿಯರಿಂಗ್ ಹುಡುಗ. ವರ್ಷದ ಪ್ರಾಜೆಕ್ಟೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ, ಬ್ಯಾಕಪ್ ಇಲ್ಲ. ಡೆಬಿಯನ್ 12ರಿಂದ 13ಕ್ಕೆ ಹೊರಟಿದ್ದ. ನಡುವೆ ಅಪ್‌ಗ್ರೇಡ್ ನಿಂತಿತು. ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್. ಸಾರಾಂಶ ಇಷ್ಟೇ: ಲಿಬ್32 ಎಂಬುದು ಡೈರೆಕ್ಟರಿಯಾಗಿದೆ, ಲಿಂಕ್ ಆಗಿರಬೇಕಿತ್ತು; ಯುಎಸ್‌ಆರ್‌ಮರ್ಜ್ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಹುಡುಗ ಮೊದಲ ಸಾಲು ಓದಿದ. ಮದ್ದು ಇದ್ದದ್ದು ಕೊನೆಯ ಸಾಲಿನಲ್ಲಿ. "ಹಳೇ ಕಸ" ಎಂದುಕೊಂಡ. ರೂಟ್ ಡೈರೆಕ್ಟರಿಯಲ್ಲಿ ಲಿಬ್ ಎಂದು ಶುರುವಾಗುವುದನ್ನೆಲ್ಲ ನಕ್ಷತ್ರ ಚಿಹ್ನೆ ಹಾಕಿ, ರೂಟ್ ಅಧಿಕಾರದಿಂದ ಅಳಿಸಿಯೇಬಿಟ್ಟ!

ಆಮೇಲೆ? ಎಲ್‌ಎಸ್ ಓಡದು. ಸಿಪಿ ಓಡದು. ಸುಡೋ ಕೂಡ ಓಡದು. ಯಾವುದನ್ನು ಕರೆದರೂ ಒಂದೇ ಉತ್ತರ: ಅಂಥ ಫೈಲೇ ಇಲ್ಲ!

ಆದರೆ ಫೈಲು ಇತ್ತು, ಗೆಳೆಯರೇ! ಇಲ್ಲದ್ದು ಬೇರೆಯೇ. ಲಿನಕ್ಸಿನ ಬಹುಪಾಲು ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಒಂದು ವಿಳಾಸ ಬರೆದಿರುತ್ತದೆ. ನಮ್ಮ 64 ಬಿಟ್ ಯಂತ್ರಗಳಲ್ಲಿ ಅದು ಲಿಬ್64ರೊಳಗಿನ ಲೋಡರ್‌ನ ವಿಳಾಸ. ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಹುಡುಕಿ ಜೋಡಿಸಿಕೊಡುವವನೇ ಈ ಲೋಡರ್. ಅವನು ಆ ವಿಳಾಸದಲ್ಲಿ ಸಿಗದಿದ್ದರೆ, ಕರೆದ ಪ್ರೋಗ್ರಾಮೇ ಇಲ್ಲವೆಂಬಂತೆ ಉತ್ತರ ಬರುತ್ತದೆ.

ಇದು ಬೆಂಗಳೂರಿನವರಿಗೆ ತಿಳಿಯದ ಸಂಗತಿಯೇ? ನಮ್ಮ ಹಳೇ ಬಡಾವಣೆಗಳ ಗೇಟುಗಳನ್ನು ನೋಡಿ. ಹಳೇ ನಂಬರ್ ಇಷ್ಟು, ಹೊಸ ನಂಬರ್ ಇಷ್ಟು. ಮನೆ ಇರುವುದು ಹೊಸ ನಂಬರಿನಲ್ಲೇ. ಆದರೆ ಎಲ್‌ಐಸಿ ಕಾಗದ, ಅಜ್ಜಿಯ ಪಿಂಚಣಿ ಪತ್ರ ಬರುವುದು ಹಳೇ ನಂಬರಿಗೆ! ಹಳೆಯದೆಂದು ಬೋರ್ಡು ಕಿತ್ತರೆ ಮನೆ ಬೀಳುವುದಿಲ್ಲ. ಅಂಚೆಯಣ್ಣ ವಾಪಸು ಹೋಗುತ್ತಾನೆ. ಲಿಬ್, ಲಿಬ್64 ಈಗ ಅಂಥ ಬೋರ್ಡುಗಳು. ನಿಜವಾದ ಮನೆ ಯುಎಸ್‌ಆರ್ ಒಳಗಿದೆ.

ಎರಡು ವಿಳಾಸ ಬಂದದ್ದೇಕೆ? 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಬೆಳೆದು ಮೊದಲ ಡಿಸ್ಕಿನಲ್ಲಿ ಹಿಡಿಸದಾಯಿತು, ಎರಡನೆಯದಕ್ಕೆ ಹರಿಯಿತು. ಅಂದಿನ ಇಕ್ಕಟ್ಟು ಮುಂದೆ ಸಂಪ್ರದಾಯವೇ ಆಯಿತು! ಫೆಡೋರಾ 2012ರಲ್ಲಿ ಎರಡನ್ನೂ ಒಂದು ಮಾಡಿತು. 2023ರ ಡೆಬಿಯನ್ 12 ಅದನ್ನು ಕಡ್ಡಾಯ ಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ 13 ಇನ್ನೂ ಬಿಗಿ ಮಾಡಿತು. ಹಳೆಯ ಯಂತ್ರಗಳಲ್ಲಿ ಉಳಿದ ಲಿಬ್32, ಲಿಬ್‌ಎಕ್ಸ್32ಗಳು ಅಪ್‌ಗ್ರೇಡ್‌ಗೆ ಅಡ್ಡ ಬರುವುದು ಇದಕ್ಕೇ.

ಹುಡುಗನ ಪ್ರಾಜೆಕ್ಟು ಉಳಿಯಿತೇ? ಉಳಿಯಿತು! ಲಿಂಕನ್ನು ಅಳಿಸಿದರೆ ಹೋಗುವುದು ಬೋರ್ಡು ಮಾತ್ರ, ಮನೆಯಲ್ಲ. ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆವು. ಅವನ ಡಿಸ್ಕನ್ನು ಮೌಂಟ್ ಮಾಡಿದೆವು. ಮೊದಲು ಪ್ರಾಜೆಕ್ಟಿನ ನಕಲು ತೆಗೆದೆವು. ಲಿಬ್‌ನಿಂದ ಯುಎಸ್‌ಆರ್‌ನ ಲಿಬ್‌ಗೆ, ಲಿಬ್64ರಿಂದ ಯುಎಸ್‌ಆರ್‌ನ ಲಿಬ್64ಕ್ಕೆ ಮತ್ತೆ ಲಿಂಕ್ ಹಾಕಿದೆವು. ಗುರಿಯ ಹೆಸರಿನ ಮುಂದೆ ಸ್ಲ್ಯಾಶ್ ಹಾಕಲಿಲ್ಲ. ಹಾಕಿದರೆ ಲಿಂಕು ಆಗ ಪೆನ್‌ಡ್ರೈವಿನ ಕಡೆ ಕೈ ತೋರಿಸುತ್ತದೆ! ಡೆವ್, ಪ್ರಾಕ್, ಸಿಸ್‌ಗಳನ್ನು ಅಲ್ಲಿಗೆ ಜೋಡಿಸಿ ಸಿಎಚ್‌ರೂಟ್ ಮಾಡಿದೆವು. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಡಿಪಿಕೆಜಿಯಿಂದ ಕಾನ್ಫಿಗರ್ ಮಾಡಿಸಿ, ಮುರಿದದ್ದನ್ನು ಆಪ್ಟ್‌ನಿಂದ ಸರಿಪಡಿಸಿ, ಯುಎಸ್‌ಆರ್‌ಮರ್ಜ್ ಹಾಕಿದೆವು. ಲಿಬ್32 ಮಾತ್ರ ನಿಜವಾದ ಡೈರೆಕ್ಟರಿ, ಅದರೊಳಗಿನದು ಹೋಗಿತ್ತು. ಆ ಪ್ಯಾಕೇಜುಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಯಿತು. ಅಪ್‌ಗ್ರೇಡ್ ಮುಗಿಯಿತು.

ಆದ್ದರಿಂದ ಗೆಳೆಯರೇ, ನೆನಪಿರಲಿ. ಅಪ್‌ಗ್ರೇಡ್‌ಗೆ ಮೊದಲು ಬ್ಯಾಕಪ್. ಅಳಿಸುವ ಮೊದಲು ಅದು ಲಿಂಕೋ ಡೈರೆಕ್ಟರಿಯೋ ನೋಡಿ. ಅದು ಯಾವ ಪ್ಯಾಕೇಜಿನದು ಎಂದು ಡಿಪಿಕೆಜಿಯನ್ನು ಕೇಳಿ. ಯಾರದೂ ಅಲ್ಲದ ಖಾಲಿ ಡೈರೆಕ್ಟರಿಯಾದರೆ ಆರ್‌ಎಂಡಿಐಆರ್ ಬಳಸಿ. ಒಳಗೆ ಏನಾದರೂ ಇದ್ದರೆ ಅದು ಅಳಿಸಲು ಒಪ್ಪುವುದಿಲ್ಲ. ನಕ್ಷತ್ರ ಚಿಹ್ನೆಯ ಸಹವಾಸ ಬೇಡ. ಯಂತ್ರ ಕೆಟ್ಟಾಗ ರೂಟ್ ಟರ್ಮಿನಲ್ ತೆರೆದೇ ಇದ್ದರೆ ಗಾಬರಿಯಲ್ಲಿ ಮುಚ್ಚಬೇಡಿ, ರೀಬೂಟ್ ಮಾಡಬೇಡಿ.

ಈಗ ಮುಖ್ಯ ಮಾತು. ಆ ಹುಡುಗ ದಡ್ಡನೇ? ಅಲ್ಲವೇ ಅಲ್ಲ! ಪರೀಕ್ಷೆಯ ಇಂಗ್ಲಿಷ್ ಅವನಿಗೆ ಬರುತ್ತದೆ. ಆದರೆ ಲಿಂಕ್ ಎಂದರೇನು, ಲೋಡರ್ ಏಕೆ ಬೇಕು ಎಂದು ಅವನ ಮನೆಮಾತಿನಲ್ಲಿ ಯಾರೂ ಒಮ್ಮೆಯೂ ಹೇಳಿರಲಿಲ್ಲ. ಅಂದು ರಾತ್ರಿ ಗೇಟಿನ ಬೋರ್ಡಿನ ಉದಾಹರಣೆ ಕೊಟ್ಟಾಗ ಎರಡು ನಿಮಿಷದಲ್ಲಿ ತಲೆಗೆ ಹೋಯಿತು!

"ಕಮಾಂಡ್ ಇಂಗ್ಲಿಷಿನಲ್ಲೇ ತಾನೇ?" ಎನ್ನುತ್ತೀರಾ? ಇರಲಿ, ಕಮಾಂಡು ಬರೀ ಹೆಸರು. ಅದರ ಹಿಂದಿನ 'ಏಕೆ' ಯಾವ ಭಾಷೆಯಲ್ಲೂ ನಿಲ್ಲುತ್ತದೆ. ಡೆಬಿಯನ್ನಿನ ಇನ್‌ಸ್ಟಾಲರ್‌ನಲ್ಲಿ ಕನ್ನಡ ಆರಿಸಬಹುದು. ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜಾಗಿಯೇ ಸಿಗುತ್ತವೆ. ಕನ್ನಡಿಗರು ಕೂತು ಮಾಡಿದ ಕೆಲಸವದು. 'ಲಿನಕ್ಸ್ ಬೆಂಗಳೂರು' ಸಮ್ಮೇಳನ 2001ರಲ್ಲೇ ಈ ಊರಿನಲ್ಲಿ ನಡೆಯಿತು. ಕೆಟ್ಟದ್ದನ್ನು ರಿಪೇರಿ ಮಾಡುವ ವಿದ್ಯೆಗೆ ಕನ್ನಡ ಕೊಡಬೇಕಾದವರು ಯಾರು? ನೀವು!

ಮುಂದಿನ ಸಲ ಏನನ್ನಾದರೂ ಸರಿಪಡಿಸಿದಾಗ ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ. ಏನು ಕೆಟ್ಟಿತು, ಏಕೆ ಕೆಟ್ಟಿತು, ಹೇಗೆ ಸರಿಯಾಯಿತು. ಪಿ.ಜಿ. ಗೋಡೆಗೆ ಅಂಟಿಸಿ, ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಿ, ಕಿರಿಯರಿಗೆ ಓದಿ ಹೇಳಿ. ಇನ್ನೊಬ್ಬ ಹುಡುಗ ನಡುರಾತ್ರಿ ಡಿಲೀಟ್ ಒತ್ತುವ ಮೊದಲು ಕೈ ತಡೆಯಲಿ!