ಕನ್ನಡಿಯಿಂದ ಬಂದ ಮನುಷ್ಯ

ದಾಸನಕೊಪ್ಪದಿಂದ ಶಿರಸಿಯ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಹಳೆಯ ಇಂಗ್ಲಿಷ್ ಕಾದಂಬರಿಯೊಂದಿತ್ತು. “ಟೆಲಿವಿಷನ್ ಧಾರಾವಾಹಿಯ ಕಥೆ, ಸರ್. ಇದನ್ನು ಓದುವುದು ಕಾಲಹರಣವೇ?” ಎಂದು ಸಂಕೋಚದಿಂದ ಕೇಳಿದನು. ಅವಶ್ಯವಾಗಿ ಓದತಕ್ಕದ್ದೆಂಬುದೇ ನನ್ನ ಅಭಿಪ್ರಾಯ.

ಆ ಪುಸ್ತಕ ಜೇಮ್ಸ್ ಬ್ಲಿಷ್ ಬರೆದ ‘ಸ್ಪಾಕ್ ಮಸ್ಟ್ ಡೈ!’. ಪ್ರಕಟವಾದುದು 1970ರಲ್ಲಿ. ಅಮೆರಿಕದಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿ ಅದಕ್ಕೆ ಆಧಾರ. ಧಾರಾವಾಹಿಯಲ್ಲಿ ಮನುಷ್ಯರನ್ನು ನೌಕೆಯಿಂದ ಗ್ರಹಕ್ಕೆ ಕ್ಷಣಾರ್ಧದಲ್ಲಿ ಸಾಗಿಸುವ ಯಂತ್ರವೊಂದುಂಟು. ನೌಕೆ ನೆಲಕ್ಕಿಳಿಯುವ ದೃಶ್ಯಗಳಿಗೆ ಹಣ ಸಾಲದೆ ನಿರ್ಮಾಪಕರು ಹೂಡಿದ ಉಪಾಯವದು. ಬ್ಲಿಷ್ ಮಾತ್ರ ಅದನ್ನು ಪ್ರಶ್ನಿಸಿದನು. ಸಾಗಿಸುವ ಕಿರಣ ನಡುದಾರಿಯಲ್ಲಿ ಪ್ರತಿಫಲಿಸಿ ಹಿಂದಿರುಗಿದರೆ ಆಗುವುದೇನು? ನೌಕೆಯ ಅಧಿಕಾರಿ ಸ್ಪಾಕ್ ಇಬ್ಬರಾಗುತ್ತಾನೆ. ಒಬ್ಬನು ಅಣು ಅಣುವಿನಲ್ಲಿಯೂ ಇನ್ನೊಬ್ಬನ ಕನ್ನಡಿಬಿಂಬ. ಬಿಂಬಪುರುಷನಿಗೆ ನೌಕೆಯ ಆಹಾರ ಒಗ್ಗದು.

ಇದು ಬರಿಯ ಕಟ್ಟುಕಥೆಯಲ್ಲ. ಬಲಗಾಲಿನ ಚಪ್ಪಲಿ ಎಡಗಾಲಿಗೆ ಹೊಂದದಷ್ಟೆ! ಹಾಗೆಯೇ ಅನೇಕ ಅಣುಗಳಿಗೂ ಎಡಬಲಗಳುಂಟು. 1848ರಲ್ಲಿ ಲೂಯಿ ಪಾಶ್ಚರ್ ಒಂದೇ ಲವಣದ ಎರಡು ಬಗೆಯ ಹರಳುಗಳನ್ನು ಬೇರ್ಪಡಿಸಿ ಈ ತತ್ತ್ವಕ್ಕೆ ದಾರಿ ತೋರಿಸಿದನು. ಅಡಿಗೆಮನೆಯಲ್ಲಿಯೇ ನಿದರ್ಶನ ಬೇಕೆ? ಪುದೀನದಲ್ಲಿಯೂ ಸಬ್ಬಸಿಗೆ ಬೀಜದಲ್ಲಿಯೂ ಕಾರ್ವೋನ್ ಎಂಬ ವಸ್ತುವಿದೆ. ಒಂದರ ಕಾರ್ವೋನ್ ಅಣು ಇನ್ನೊಂದರದರ ಕನ್ನಡಿಬಿಂಬ. ವಾಸನೆಗಳು ಮಾತ್ರ ಬೇರೆ ಬೇರೆ. ನಮ್ಮ ದೇಹದ ಪ್ರೋಟೀನುಗಳು ಎಡಗೈ ಮಾದರಿಯ ಅಮೈನೋ ಆಮ್ಲಗಳಿಂದ ರಚಿತವಾಗಿವೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದೆಂಬ ನಕ್ಷೆಯನ್ನು 1963ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಜಿ. ಎನ್. ರಾಮಚಂದ್ರನ್. ಬಲಗೈ ಅಮೈನೋ ಆಮ್ಲಗಳಿಗೆ ಆ ನಕ್ಷೆ ತಿರುವುಮುರುವಾಗುತ್ತದೆ.

2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಎಚ್ಚರಿಕೆಯನ್ನಿತ್ತರು. ಕನ್ನಡಿಬಿಂಬದಂತಹ ಅಣುಗಳಿಂದ ಬ್ಯಾಕ್ಟೀರಿಯಾವನ್ನು ಎಂದಾದರೂ ನಿರ್ಮಿಸಿದರೆ, ನಮ್ಮ ದೇಹದ ರಕ್ಷಣಾವ್ಯವಸ್ಥೆ ಅದನ್ನು ಸರಿಯಾಗಿ ಗುರುತಿಸಲಾರದೆ ಹೋಗಬಹುದು. ಆದುದರಿಂದ ಅಂತಹ ಜೀವಿಯನ್ನು ಸೃಷ್ಟಿಸಕೂಡದು ಎಂಬುದೇ ಅವರ ವಾದ. ಅಗ್ಗದ ಕಾದಂಬರಿಯೊಂದು 1970ರಲ್ಲಿಯೇ ಆಟವಾಡಿದ ವಿಚಾರ ಇಂದು ವಿಜ್ಞಾನಿಗಳ ಗಂಭೀರ ಚರ್ಚೆಗೆ ಬಂದಿದೆ.

ಕಾದಂಬರಿಯಲ್ಲಿರುವುದೆಲ್ಲವೂ ನಿಜವೆಂದು ಭಾವಿಸತಕ್ಕದ್ದಲ್ಲ. ಕಥೆಯ ಯಂತ್ರ ಬಳಸುವ, ಬೆಳಕಿಗಿಂತ ವೇಗವಾದ ಟ್ಯಾಕಿಯಾನ್ ಕಣಗಳು ಇದುವರೆಗೆ ಯಾವ ಪ್ರಯೋಗದಲ್ಲಿಯೂ ದೊರೆತಿಲ್ಲ. ಆದರೆ ಒಂದು ಊಹೆಯನ್ನು ಒಪ್ಪಿದ ಮೇಲೆ ಅದರ ಪರಿಣಾಮವನ್ನು ಕೊನೆಯವರೆಗೆ ತರ್ಕಿಸುವ ಶಿಸ್ತು ಅಲ್ಲಿದೆ. ವಿಜ್ಞಾನಕ್ಕೂ ಬೇಕಾದುದು ಅದೇ ಶಿಸ್ತು.

ಆದುದರಿಂದ ಆ ಹುಡುಗನಿಗೆ ನಾನು ಹೇಳಿದುದಿಷ್ಟೆ: “ಓದು, ಆದರೆ ಕೈಯಲ್ಲಿ ಪೆನ್ಸಿಲ್ ಇರಲಿ. ತಿಳಿದ ಸಂಗತಿ ಎಲ್ಲಿ ಮುಗಿದು ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲೊಂದು ಗೆರೆ ಎಳೆ.”