ಅಂತರಜಾಲದ ಅಭಿಪ್ರಾಯ ಸಂಗ್ರಹವು ದೇಶದ ಅಭಿಪ್ರಾಯವಾಗಬಲ್ಲುದೇ?

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಇತ್ತೀಚಿನ ವರ್ಷಗಳಲ್ಲಿ ಯಾವ ವಿಷಯದಲ್ಲಿ ಜನರ ಮನೋಗತವನ್ನು ತಿಳಿಯಬೇಕಾದರೂ ಅಂತರಜಾಲದ ಮೂಲಕ ಒಂದು ಪ್ರಶ್ನಾವಳಿಯನ್ನು ಹರಡಿ, ಮೊಬೈಲಿನಲ್ಲಿ ಉತ್ತರ ಕೊಟ್ಟವರನ್ನು ಎಣಿಸಿ, ದೇಶದ ಜನರಲ್ಲಿ ನೂರಕ್ಕೆ ಇಷ್ಟು ಮಂದಿ ಹೀಗೆ ಹೇಳುತ್ತಾರೆಂದು ಪ್ರಕಟಿಸುವ ಪದ್ಧತಿಯು ಬಹಳವಾಗಿ ಬೆಳೆದಿರುವುದು. ಈ ಮಾರ್ಗದಲ್ಲಿ ವೆಚ್ಚವೂ ಕಡಿಮೆ, ಕಾಲವೂ ಕಡಿಮೆ. ಆದರೆ ಹೀಗೆ ಉತ್ತರ ಕೊಟ್ಟವರು ಉತ್ತರ ಕೊಡದವರ ಪ್ರತಿನಿಧಿಗಳಾಗಬಲ್ಲರೇ ಎಂಬುದು ವಿಚಾರ ಮಾಡತಕ್ಕ ಸಂಗತಿ. ರೈತರ ಬೇಕುಬೇಡಗಳನ್ನೂ ಇಂತಹ ಲೆಕ್ಕಗಳಿಂದಲೇ ಗೊತ್ತುಮಾಡುವ ಸಂಭವವಿರುವುದರಿಂದ, ಗ್ರಾಮದ ಯಜಮಾನರೂ ಭೂಮಾಲೀಕರೂ ಆದ ವಾಚಕ ಮಹಾಶಯರು ಇದನ್ನು ಪರರ ವಿಷಯವೆಂದು ಉದಾಸೀನ ಮಾಡಲಾಗದು.

ಈ ಪ್ರಶ್ನೆಯ ತಿರುಳನ್ನು ರೈತನು ಮಣ್ಣಿನ ಪರೀಕ್ಷೆಯಿಂದಲೇ ಬಲ್ಲನು. ಪರೀಕ್ಷೆಗೆ ಕಳುಹಿಸುವ ಮಣ್ಣನ್ನು ಬದುವಿನ ಪಕ್ಕದಿಂದಾಗಲಿ, ಗೊಬ್ಬರ ಗುಡ್ಡೆ ಹಾಕಿದ್ದ ಜಾಗದಿಂದಾಗಲಿ, ಮರದ ಬುಡದಿಂದಾಗಲಿ, ಕಾಲುವೆಯ ಅಂಚಿನಿಂದಾಗಲಿ ತೆಗೆಯಕೂಡದು. ಹೊಲದ ಉದ್ದಗಲಕ್ಕೂ ಅಲ್ಲಲ್ಲಿ ಹತ್ತು ಹದಿನೈದು ಕಡೆ ತೆಗೆದು, ಚೆನ್ನಾಗಿ ಬೆರಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಬಿಟ್ಟು, ಹೀಗೆಯೇ ಮಾಡುತ್ತ ಅರ್ಧ ಕಿಲೋಗ್ರಾಮಿನಷ್ಟನ್ನು ಉಳಿಸಿ ಕಳುಹಿಸಬೇಕು. ಒಬ್ಬನು ಇಷ್ಟು ಶ್ರಮವೇಕೆಂದು ಗೊಬ್ಬರದ ಗುಡ್ಡೆಯಿದ್ದ ಜಾಗದಿಂದ ಒಂದು ಗಾಡಿ ಮಣ್ಣನ್ನೇ ತುಂಬಿ ಕಳುಹಿಸಿದನೆನ್ನಿರಿ. ಆ ಗಾಡಿಯ ಮಣ್ಣು ಅರ್ಧ ಕಿಲೋಗ್ರಾಮಿಗಿಂತ ಸಾವಿರ ಪಾಲು ಹೆಚ್ಚಾಗಿರಬಹುದು. ಆದರೂ ಅದು ಹೊಲದ ಗುಣವನ್ನು ತಿಳಿಸುವುದಿಲ್ಲ. ಆ ಲೆಕ್ಕದಂತೆ ಗೊಬ್ಬರ ಹಾಕಿದರೆ ನಷ್ಟವು ಆ ವರ್ಷದ ಬೆಳೆಯಲ್ಲಿ ಕಂಡುಬರುವುದು.

ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯವನ್ನು ಕೆಲವರು ಇಲ್ಲಿ ತರಬಹುದು. ಆ ನ್ಯಾಯವು ಸತ್ಯವೇ ಸರಿ. ಆದರೆ ಅಲ್ಲಿ ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯ ಮೇಲೆ ಬೆಂದಿರುತ್ತವೆ. ದೇಶವು ಹಾಗಲ್ಲ. ಒಂದೇ ಕೆರೆಯ ಅಚ್ಚುಕಟ್ಟಿನಲ್ಲಿ ತೂಬಿನ ಬಳಿಯ ಗದ್ದೆಯವನ ಮಾತು ಒಂದು, ಕಾಲುವೆಯ ಕೊನೆಯವನ ಮಾತು ಇನ್ನೊಂದು. ನೀರು ಸಾಕೇ ಎಂದು ತೂಬಿನ ಬಳಿಯ ನೂರು ಮಂದಿಯನ್ನು ಕೇಳಿದರೂ ಕೊನೆಯವನ ಕಷ್ಟವು ತಿಳಿಯದು.

ಈ ತಪ್ಪು ಅಂತರಜಾಲದೊಡನೆ ಹುಟ್ಟಿದುದಲ್ಲ. 1936ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಅಧ್ಯಕ್ಷರ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆಯವರು ಸುಮಾರು 1 ಕೋಟಿ ಜನರಿಗೆ ಕಾಗದಗಳನ್ನು ಕಳುಹಿಸಿದರು. 23 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದುವು. ಅವುಗಳ ಪ್ರಕಾರ ಲ್ಯಾಂಡನ್ ಎಂಬವರು ಗೆಲ್ಲಬೇಕಾಗಿದ್ದಿತು. ಫಲಿತಾಂಶವು ತಿರುಗುಮುರುಗಾಯಿತು, 48 ಸಂಸ್ಥಾನಗಳಲ್ಲಿ 46ರಲ್ಲಿ ರೂಸ್‌ವೆಲ್ಟರು ಗೆದ್ದರು. ಕಾರಣವೇನೆಂದರೆ, ಪತ್ರಿಕೆಯವರು ಹೆಸರುಗಳನ್ನು ಬಹುಮಟ್ಟಿಗೆ ಟೆಲಿಫೋನು ಮತ್ತು ಮೋಟಾರು ಕಾರು ಇಟ್ಟಿದ್ದವರ ಪಟ್ಟಿಗಳಿಂದ ತೆಗೆದಿದ್ದರು. ಕಾಗದ ತಲಪಿದವರಲ್ಲಿಯೂ ಉತ್ಸಾಹವುಳ್ಳವರು ಮಾತ್ರ ಉತ್ತರ ಬರೆದರು. ಅದೇ ಸಮಯದಲ್ಲಿ ಗ್ಯಾಲಪ್ ಎಂಬವರು ಸುಮಾರು 50 ಸಾವಿರ ಜನರನ್ನು ಮಾತ್ರ ವಿಚಾರಿಸಿ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಈ ಕಾಲದ ದೃಷ್ಟಾಂತವೂ ಉಂಟು. 2021ರಲ್ಲಿ ಅದೇ ದೇಶದಲ್ಲಿ ಕೋವಿಡ್ ಲಸಿಕೆಯನ್ನು ಎಷ್ಟು ಮಂದಿ ಹಾಕಿಸಿಕೊಂಡಿದ್ದಾರೆಂದು ತಿಳಿಯಲು ಫೇಸ್‌ಬುಕ್ಕಿನ ಮೂಲಕ ವಿಚಾರಣೆ ನಡೆಯಿತು. ವಾರಕ್ಕೆ ಸುಮಾರು 2 ಲಕ್ಷ 50 ಸಾವಿರ ಮಂದಿ ಉತ್ತರ ಕೊಡುತ್ತಿದ್ದರು. ಸರ್ಕಾರದ ಲಸಿಕೆಯ ಲೆಕ್ಕದೊಡನೆ ಹೋಲಿಸಿದಾಗ, ಮೇ ತಿಂಗಳಲ್ಲಿ ಈ ವಿಚಾರಣೆಯು ನೂರಕ್ಕೆ 17ರಷ್ಟು ಹೆಚ್ಚಾಗಿ ಹೇಳಿದ್ದಿತೆಂದು ಪಂಡಿತರು ಅದೇ ವರ್ಷ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ವಾರಕ್ಕೆ ಸುಮಾರು 1 ಸಾವಿರ ಮಂದಿಯನ್ನು ಮಾತ್ರ ಎಚ್ಚರಿಕೆಯಿಂದ ಆರಿಸಿ ಕೇಳಿದ ಮತ್ತೊಂದು ವಿಚಾರಣೆಯು ಸತ್ಯಕ್ಕೆ ಹೆಚ್ಚು ಸಮೀಪವಾಗಿದ್ದಿತು. ಇನ್ನು ಹಣ ಅಥವಾ ಬಹುಮಾನದ ಆಸೆಯಿಂದ ತಾವಾಗಿಯೇ ಸೇರುವವರ ವಿಷಯ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಇಂತಹವರನ್ನು, ಅಣುಶಕ್ತಿಯ ಜಲಾಂತರ್ಗಾಮಿ ಹಡಗನ್ನು ನಡೆಸುವ ಪರವಾನಗಿ ನಿಮಗಿದೆಯೇ ಎಂದು ಕೇಳಿದರು. 30 ವರ್ಷಕ್ಕೆ ಕಡಿಮೆಯಾದವರಲ್ಲಿ ನೂರಕ್ಕೆ 12 ಮಂದಿ ಇದೆ ಎಂದರು! ಪ್ರಶ್ನೆಯನ್ನು ಓದದೆಯೇ ಒತ್ತಿದವರ ಉತ್ತರವೂ ದೇಶದ ಅಭಿಪ್ರಾಯವೆಂದು ಲೆಕ್ಕಕ್ಕೆ ಬರುವುದೆಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ದೇಶದಲ್ಲಿ ಈ ಅಂತರವು ಇನ್ನೂ ದೊಡ್ಡದು. 2019ರಿಂದ 2021ರ ವರೆಗೆ ಮನೆಮನೆಗೂ ಹೋಗಿ ನಡೆಸಿದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಎಂದಾದರೂ ಅಂತರಜಾಲವನ್ನು ಬಳಸಿದ್ದವರು ನೂರಕ್ಕೆ 33 ಮಂದಿ. ಗಂಡಸರಲ್ಲಿ 57 ಮಂದಿ. ಹಳ್ಳಿಯ ಹೆಂಗಸರಲ್ಲಿ ಸುಮಾರು 25 ಮಂದಿ ಮಾತ್ರ. ಆ ಮೇಲೆ ಈ ಸಂಖ್ಯೆಗಳು ಏರಿರುವುದು ನಿಜ. ಆದರೆ ಮನೆಯಲ್ಲಿ ಮೊಬೈಲು ಇರುವುದು ಬೇರೆ. ಅದು ಕಳೆ ಕೀಳುವ ಹೆಂಗಸಿನ ಕೈಯಲ್ಲಿರುವುದು ಬೇರೆ. ಅವಳು ಪ್ರಶ್ನೆಯನ್ನು ಓದಿ ಉತ್ತರ ಕೊಡಲು ಪುರಸತ್ತಿರುವುದು ಮತ್ತೂ ಬೇರೆ. ಬೆಳೆಯ ಧಾರಣೆಯನ್ನು ಮೊಬೈಲಿನಲ್ಲಿ ತಿಳಿಯುತ್ತೀರಾ ಎಂದು ಮೊಬೈಲಿನ ಮೂಲಕವೇ ಕೇಳಿದರೆ ಹೌದೆಂಬ ಉತ್ತರವೇ ಹೆಚ್ಚಾಗಿ ಬರುವುದರಲ್ಲಿ ಆಶ್ಚರ್ಯವೇನು?

ಇದಕ್ಕೆ ಒಂದು ಸಮಾಧಾನವನ್ನು ಹೇಳುವುದುಂಟು. ಉತ್ತರ ಕೊಟ್ಟವರಲ್ಲಿ ಹೆಂಗಸರು ಕಡಿಮೆಯಾದರೆ ಒಬ್ಬಳನ್ನು ಐವರೆಂದು ಎಣಿಸಿ ಲೆಕ್ಕವನ್ನು ಸರಿತೂಗಿಸಬಹುದಲ್ಲವೇ ಎಂಬುದೇ ಅದು. ವಯಸ್ಸು, ಲಿಂಗ, ವಿದ್ಯೆ ಮುಂತಾದ ಗೊತ್ತಿರುವ ಭೇದಗಳನ್ನು ಹೀಗೆ ಸ್ವಲ್ಪಮಟ್ಟಿಗೆ ತಿದ್ದಬಹುದು. ಆದರೆ ಸ್ವಂತ ಮೊಬೈಲಿರುವ, ಓದು ಬಲ್ಲ ಒಬ್ಬಳನ್ನು ಐದು ಸಲ ಎಣಿಸಿದರೆ ಅವಳೇ ಐದು ಸಲ ಮಾತನಾಡುವಳಲ್ಲದೆ ಕೂಲಿಯ ಹೆಂಗಸು ಮಾತನಾಡುವುದಿಲ್ಲ. ಮೇಲೆ ಹೇಳಿದ ಫೇಸ್‌ಬುಕ್ಕಿನ ಲೆಕ್ಕವನ್ನು ವಯಸ್ಸು ಮತ್ತು ಲಿಂಗಗಳಿಗನುಸಾರವಾಗಿ ತೂಗಿಸಿದ್ದರೂ ತಪ್ಪು ಉಳಿದೇ ಉಳಿಯಿತು.

ಹಾಗೆಂದು ಅಂತರಜಾಲವೇ ದೋಷವೆಂದು ನನ್ನ ಅಭಿಪ್ರಾಯವಲ್ಲ. ದೋಷವಿರುವುದು ಉತ್ತರ ಪಡೆಯುವ ಸಾಧನದಲ್ಲಲ್ಲ, ಜನರನ್ನು ಆರಿಸುವ ಕ್ರಮದಲ್ಲಿ. ನೆದರ್ಲೆಂಡ್ಸ್ ದೇಶದಲ್ಲಿ 2007ರಲ್ಲಿ ಆರಂಭವಾದ ಒಂದು ಸಮೀಕ್ಷೆಯಲ್ಲಿ ಜನರ ದಾಖಲೆಯಿಂದ ಚೀಟಿ ಎತ್ತಿದಂತೆ ಮನೆಗಳನ್ನು ಆರಿಸಿ, ಕಂಪ್ಯೂಟರು ಇಲ್ಲದ ಮನೆಗಳಿಗೆ ಅದನ್ನೂ ಅಂತರಜಾಲದ ಸಂಪರ್ಕವನ್ನೂ ಒದಗಿಸಿದರು. ಅಲ್ಲಿಯೂ ಉತ್ತರ ಬರುವುದು ಅಂತರಜಾಲದಲ್ಲಿಯೇ. ಆದರೆ ಯಾರನ್ನು ಕೇಳಬೇಕೆಂಬುದನ್ನು ಕೇಳುವವರು ಗೊತ್ತುಮಾಡಿದರು, ಬಂದವರು ಬಂದಂತೆ ಸೇರಲಿಲ್ಲ.

ಈ ತತ್ತ್ವವು ವ್ಯವಸಾಯಕ್ಕೆ ಹೊಸದಲ್ಲ. 1920ರ ದಶಕದಲ್ಲಿ ಹಬ್ಬ್ಯಾಕ್ ಎಂಬ ಅಧಿಕಾರಿಗಳು ಬಿಹಾರ ಮತ್ತು ಒರಿಸ್ಸಾ ಪ್ರಾಂತದಲ್ಲಿ ಬತ್ತದ ಇಳುವರಿಯನ್ನು ತಿಳಿಯಲು ಪಕ್ಷಪಾತವಿಲ್ಲದೆ ಆರಿಸಿದ ಸಣ್ಣ ತುಂಡುಗಳಲ್ಲಿ ಕೊಯ್ಲು ಮಾಡಿ ತೂಗಿಸಿದರು. ಅನಂತರ ಮಹಲನೊಬಿಸರು ಬಂಗಾಳದ ಸೆಣಬಿನ ವಿಷಯದಲ್ಲಿಯೂ, ಸುಖಾತ್ಮೆ ಮತ್ತು ಪಾನ್ಸೆಯವರು ಆಹಾರದ ಬೆಳೆಗಳ ವಿಷಯದಲ್ಲಿಯೂ ಈ ಮಾರ್ಗವನ್ನು ಬೆಳೆಸಿದರು. ಈಗ ನಡೆಯುವ ಬೆಳೆ ಕಟಾವಿನ ಪ್ರಯೋಗದಲ್ಲಿಯೂ ಸರ್ವೆ ನಂಬರನ್ನೂ ಹೊಲದೊಳಗಿನ ಜಾಗವನ್ನೂ ನಾವು ಇಷ್ಟಬಂದಂತೆ ಆರಿಸುವ ಹಾಗಿಲ್ಲ. ಒಳ್ಳೆಯ ಪೈರನ್ನು ತೋರಿಸಬೇಕೆಂಬ ಆಸೆಯೂ, ಕೆಟ್ಟ ಪೈರನ್ನು ತೋರಿಸಿ ವಿಮೆ ಪಡೆಯಬೇಕೆಂಬ ಆಸೆಯೂ ಎರಡೂ ಅಲ್ಲಿ ನಿಷಿದ್ಧ. ಪೈರಿಗೆ ತೋರಿಸುವ ಈ ನ್ಯಾಯವನ್ನು ಪೈರು ಬೆಳೆಯುವ ಮನುಷ್ಯನಿಗೂ ತೋರಿಸಬೇಡವೇ?

ಇಲ್ಲಿ ವಾಚಕ ಮಹಾಶಯರಲ್ಲಿ ಒಂದು ಮಾತನ್ನು ವಿನಯದಿಂದ ಅರಿಕೆ ಮಾಡಬೇಕಾಗಿದೆ. 2015–16ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಎರಡು ಹೆಕ್ಟೇರಿಗೆ ಕಡಿಮೆಯಾದುವು. ಅಧಿಕಾರಿಯು ಊರಿಗೆ ಬಂದಾಗ ಮೊದಲು ಕುಳಿತುಕೊಳ್ಳುವುದು ದೊಡ್ಡ ಮನೆಯ ಜಗುಲಿಯ ಮೇಲೆ. ಅಂತರಜಾಲದ ಪ್ರಶ್ನಾವಳಿಯು ಬಂದಾಗಲೂ ಮೊದಲು ತಲಪುವುದು ಅದೇ ಮನೆಗೆ. ಯಜಮಾನರ ಮಾತು ಅನುಭವದ ಮಾತು, ಅದಕ್ಕೆ ಬೆಲೆಯುಂಟು. ಆದರೆ ಅದು ಅವರ ಮಾತೆಂದೇ ಬರೆಯಲ್ಪಡಬೇಕು, ಊರಿನ ಮಾತೆಂದಲ್ಲ. ಕೊಳವೆ ಬಾವಿಯುಳ್ಳವರೇ ಉತ್ತರ ಕೊಟ್ಟು, ಬಿತ್ತನೆಯ ಬೀಜಕ್ಕೂ ಸಾಲಕ್ಕೂ ಪರದಾಡುವವನ ಅಗತ್ಯವು ಲೆಕ್ಕದಿಂದ ಬಿಟ್ಟುಹೋದರೆ, ಇಲ್ಲದ ಕಡೆಗೆ ಹೋಗಬೇಕಾದ ಸಹಾಯವು ಇರುವ ಕಡೆಗೇ ಹರಿಯುವುದು.

ಆದಕಾರಣ ಅಂತರಜಾಲದ ಯಾವ ಲೆಕ್ಕವು ಕಣ್ಣಿಗೆ ಬಿದ್ದರೂ ಎಷ್ಟು ಮಂದಿ ಉತ್ತರ ಕೊಟ್ಟರೆಂದು ಮೊದಲು ಕೇಳದೆ, ಅವರನ್ನು ಯಾರು, ಯಾವ ಪಟ್ಟಿಯಿಂದ, ಹೇಗೆ ಆರಿಸಿದರೆಂದು ಕೇಳತಕ್ಕದ್ದು; ಆರಿಸಿದವರಲ್ಲಿ ಉತ್ತರ ಕೊಡದೆ ಉಳಿದವರೆಷ್ಟೆಂದು ಕೇಳತಕ್ಕದ್ದು. ಇವೆರಡಕ್ಕೂ ಉತ್ತರವಿಲ್ಲದ ಲೆಕ್ಕವನ್ನು ಕೆಲವರ ಅಭಿಪ್ರಾಯವೆಂದು ಓದಬಹುದು, ದೇಶದ ಅಭಿಪ್ರಾಯವೆಂದು ಒಪ್ಪಲಾಗದು. ಇಲಾಖೆಯವರೂ ರೈತರ ಮನಸ್ಸನ್ನು ತಿಳಿಯಬೇಕಾದಾಗ ಖಾತೆದಾರರ ಮತ್ತು ಕೂಲಿಕಾರರ ಮನೆಗಳ ಪಟ್ಟಿಯನ್ನು ಹಿಡಿದು, ಚೀಟಿ ಎತ್ತಿದಂತೆ ಸ್ವಲ್ಪ ಮನೆಗಳನ್ನೇ ಆರಿಸಿ, ಮನೆಯ ಬಾಗಿಲಿಗೆ ಹೋಗಿ ಕೇಳುವುದು ಯುಕ್ತ. ವೆಚ್ಚವು ಹೆಚ್ಚಾದರೂ ಚಿಂತೆಯಿಲ್ಲ. ಹಾಗೆ ಕೇಳಲು ಬಂದವರಿಗೆ ಊರಿನ ಕೊನೆಯ ಮನೆಯ ದಾರಿಯನ್ನು ತೋರಿಸಿ, ಆ ಮನೆಯವರು ನಿರ್ಭಯವಾಗಿ ಮಾತನಾಡುವಂತೆ ತಾವು ದೂರ ನಿಲ್ಲುವುದೇ ಗ್ರಾಮದ ಯಜಮಾನರು ಈ ಕಾರ್ಯದಲ್ಲಿ ಮಾಡಬಹುದಾದ ದೊಡ್ಡ ಉಪಕಾರ.